ಹಳೆಯ ಪ್ರೊಸೆಸರ್‌ಗೆ ಯಾವ ಟೂಲ್? ಅಸೆಂಬ್ಲರ್ ಬರೆಯುವುದೋ, ಕಂಪೈಲರ್ ಕಟ್ಟುವುದೋ

8085, 8051, ಝಡ್80, 6502. ಈ ಹೆಸರು ಕೇಳಿದರೆ ಬಹಳ ಜನರಿಗೆ ಕಾಲೇಜಿನ ಲ್ಯಾಬ್ ಪರೀಕ್ಷೆ ನೆನಪಾಗುತ್ತದೆ, ಅಷ್ಟೇ. ಆದರೆ ಇವು ಇನ್ನೂ ದುಡಿಯುತ್ತಿವೆ. ಶಿರಸಿ ಕಡೆಯಿಂದ ಬರುವ ಎಲೆಕ್ಟ್ರಾನಿಕ್ ತಕ್ಕಡಿ ಬಿಚ್ಚಿದರೆ ಒಳಗೆ 8051 ಜಾತಿಯ ಚಿಪ್ ಸಿಗುತ್ತದೆ. ಕಾರವಾರದ ಕಡೆಯ ಐಸ್ ಫ್ಯಾಕ್ಟರಿಯ ಹಳೆಯ ಕಂಟ್ರೋಲ್ ಬೋರ್ಡಿನಲ್ಲಿ ಝಡ್80 ನೋಡಿದ್ದೇನೆ. ಕಾಲೇಜುಗಳ ಕಪಾಟಿನಲ್ಲಿ 8085 ಕಿಟ್‌ಗಳು ಸಾಲಾಗಿ ಕೂತಿವೆ. ಬೋರ್ಡ್ ತಂದವರು ಕೇಳುವುದು ಒಂದೇ ಮಾತು: "ಭಾವ, ಇದ್ರ ಪ್ರೋಗ್ರಾಂ ಒಂಚೂರು ಬದಲ್ಸಲೆ ಆಗ್ತಾ?"

ಆಗುತ್ತದೆ. ಆದರೆ ಯಾವ ಟೂಲಿನಿಂದ? ಕಂಪನಿ ಆಗ ಕೊಟ್ಟಿದ್ದ ಸಾಫ್ಟ್‌ವೇರನ್ನೇ ಹುಡುಕಿ ಓಡಿಸಬಹುದು. ಸ್ವಂತ ಅಸೆಂಬ್ಲರ್, ಅಂದರೆ ಹೆಸರಿನಲ್ಲಿ ಬರೆದ ಇನ್‌ಸ್ಟ್ರಕ್ಷನ್‌ಗಳನ್ನು ಚಿಪ್‌ನ ಬೈಟು ಮಾಡಿಕೊಡುವ ಪ್ರೋಗ್ರಾಂ, ಬರೆಯಬಹುದು. ಸಿ ಭಾಷೆಯನ್ನು ಚಿಪ್‌ನ ಬೈಟುಗಳಿಗೆ ತಿರುಗಿಸುವ, ಯಾರೋ ಮಾಡಿಟ್ಟ ಸಿ ಕಂಪೈಲರ್ ಬಳಸಬಹುದು. ಧೈರ್ಯ ಜಾಸ್ತಿ ಇದ್ದರೆ ಜಿಸಿಸಿ ಅಥವಾ ಎಲ್‌ಎಲ್‌ವಿಎಂ ಎಂಬ ದೊಡ್ಡ ಕಂಪೈಲರ್‌ಗಳಿಗೆ ಹೊಸ ಬ್ಯಾಕೆಂಡ್, ಅಂದರೆ ನಿಮ್ಮ ಚಿಪ್‌ಗೆ ಬೈಟು ಹೊರಡಿಸುವ ಭಾಗ, ಬರೆಯಬಹುದು. ಫೋರ್ಥ್ ಎಂಬ ಭಾಷೆಯ ಬೇರೆಯೇ ದಾರಿಯೂ ಇದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸಕ್ಕೆ ಕೈ ಹಾಕುವ ಹುಡುಗರು ಮೊದಲ ದಿನವೇ ಕಂಪೈಲರ್ ಕಟ್ಟಲು ಹೊರಡುತ್ತಾರೆ. ಕಂಪೈಲರ್ ಬೇಕಾಗುವುದು ಕೊನೆಗೆ. ಮೊದಲು ಬೇಕಾದದ್ದು ಬೋರ್ಡಿನಲ್ಲಿ ಈಗಾಗಲೇ ಇರುವುದನ್ನು ಓದುವ ಟೂಲ್: ಬೈಟುಗಳನ್ನು ಮತ್ತೆ ಇನ್‌ಸ್ಟ್ರಕ್ಷನ್ ಹೆಸರುಗಳಾಗಿ ತಿರುಗಿಸುವ ಡಿಸ್‌ಅಸೆಂಬ್ಲರ್, ಅಸೆಂಬ್ಲರ್, ಚಿಪ್ಪನ್ನು ಪಿಸಿಯಲ್ಲೇ ಅನುಕರಿಸುವ ಸಿಮ್ಯುಲೇಟರ್. ಈ ಮೂರು ಕೈಗೆ ಬಂದ ಮೇಲೆ "ಇನ್ನು ಕಂಪೈಲರ್ ಬೇಕಾ?" ಎಂದು ಕೇಳಿಕೊಳ್ಳಿ. ಎಷ್ಟೋ ಸಲ ಬೇಡ ಎಂದೇ ಅನಿಸುತ್ತದೆ.

ಚಿಪ್ ಓದಲು ಬರುತ್ತದೆಯೇ?

ಟೂಲ್ ಆರಿಸುವ ಮೊದಲು ಇದು ಗೊತ್ತಾಗಲೇಬೇಕು. ಹಳೆಯ ಬೋರ್ಡಿನಲ್ಲಿ ಪ್ರೋಗ್ರಾಂ ಸಾಮಾನ್ಯವಾಗಿ ಪ್ರತ್ಯೇಕ ಇಪ್ರೋಮ್ ಎಂಬ, ಬೆಳಕಿನಿಂದ ಅಳಿಸಿ ಮತ್ತೆ ಬರೆಯಬಹುದಾದ ಮೆಮೊರಿ ಚಿಪ್‌ನಲ್ಲಿ ಇರುತ್ತದೆ. 2716 ಎಂದರೆ 2 ಕಿಲೋಬೈಟ್, 2732 ಎಂದರೆ 4, 2764 ಎಂದರೆ 8. ಮೇಲೆ ಗಾಜಿನ ಕಿಟಕಿ, ಅದಕ್ಕೊಂದು ಸ್ಟಿಕ್ಕರ್. ಆ ಸ್ಟಿಕ್ಕರ್ ಕಿತ್ತು ಬಿಸಿಲಿಗೆ ಇಡಬೇಡಿ. ನೇರ ಬಿಸಿಲಿನಲ್ಲಿ ಸುಮಾರು ಒಂದು ವಾರದಲ್ಲಿ ಪ್ರೋಗ್ರಾಂ ಅಳಿಸಿಹೋಗಬಹುದು ಎಂದು ಡೇಟಾಶೀಟೇ ಹೇಳುತ್ತದೆ.

ಯುನಿವರ್ಸಲ್ ಪ್ರೋಗ್ರಾಮರ್ ಎಂಬ ಚಿಪ್ ಓದಿ ಬರೆಯುವ ಸಾಧನಕ್ಕೆ ಹಾಕಿ ಓದಿ, ಫೈಲಾಗಿ ಉಳಿಸಿ. ಒಂದೇ ಸಲ ಓದಿ ನಂಬಬೇಡಿ. ಚಿಪ್ ತೆಗೆದು ಮತ್ತೆ ಹಾಕಿ, ಮತ್ತೆ ಓದಿ, ಎರಡೂ ಫೈಲು ಹೋಲಿಸಿ. ಬೈತಖೋಲ್ ಬಂದರಿನ ಆಸುಪಾಸಿನ ಬೋರ್ಡ್ ಆದರೆ ಇದು ಇನ್ನೂ ಮುಖ್ಯ. ಉಪ್ಪುಗಾಳಿಗೆ ಪಿನ್ನು ಕಿಲುಬು ಹಿಡಿದಿರುತ್ತದೆ, ಸಾಕೆಟ್ ಸಡಿಲ ಆಗಿರುತ್ತದೆ. ಒಂದು ಡೇಟಾ ಪಿನ್ ಸರಿಯಾಗಿ ತಾಗದಿದ್ದರೂ ನೀವು ಓದಿದ್ದು ಬೇರೆಯೇ ಪ್ರೋಗ್ರಾಂ ಆಗಿಬಿಡುತ್ತದೆ. ಎಷ್ಟೋ ಬೋರ್ಡುಗಳು ಪಿನ್ನು ಒರೆಸಿ ಕೂರಿಸಿದ ಕೂಡಲೇ ಸರಿಯಾಗುತ್ತವೆ. ಸಾಫ್ಟ್‌ವೇರ್ ಕೆಲಸವೇ ಇರುವುದಿಲ್ಲ.

8051ರ ಕಥೆ ಬೇರೆ. ಎಟಿ89ಎಸ್52 ತರದ ಚಿಪ್‌ನಲ್ಲಿ ಪ್ರೋಗ್ರಾಂ ಒಳಗಿನ ಫ್ಲ್ಯಾಶ್‌ನಲ್ಲೇ ಇರುತ್ತದೆ. ತಯಾರಿಸಿದವರು ಲಾಕ್ ಬಿಟ್ ಹಾಕಿದ್ದರೆ ಹೊರಗೆ ಓದಲು ಬರುವುದಿಲ್ಲ. ಅಳಿಸಿ ಹೊಸದು ಬರೆಯಬಹುದು, ಅಷ್ಟೇ. ಆಗ ತಿದ್ದುವ ಮಾತೇ ಇಲ್ಲ, ಇಡೀ ಪ್ರೋಗ್ರಾಂ ಮೊದಲಿನಿಂದ ಬರೆಯಬೇಕು. ಮೊದಲಿನಿಂದ ಬರೆಯುವುದಾದರೆ ಸಿ ಭಾಷೆಯೇ ಸುಲಭ. ಅಂದರೆ ಲಾಕ್ ಬಿಟ್ ಬಿದ್ದ 8051 ಬಂದರೆ ಈ ಬರಹದ ಅರ್ಧ ಭಾಗ ನಿಮಗೆ ಬೇಕಾಗಿಲ್ಲ. ನೇರ ಕಂಪೈಲರ್ ಭಾಗಕ್ಕೆ ಹೋಗಿ.

ತಕ್ಕಡಿ ಎಂದ ಕೂಡಲೇ ಇನ್ನೊಂದು ಮಾತು ಹೇಳಬೇಕು. ವ್ಯಾಪಾರಕ್ಕೆ ಬಳಸುವ ತಕ್ಕಡಿಗೆ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಅನ್ವಯಿಸುತ್ತದೆ. ಇಲಾಖೆಯ ಮುದ್ರೆ ಬೇಕು, ರಿಪೇರಿ ಮಾಡುವವರಿಗೆ ಲೈಸೆನ್ಸ್ ಬೇಕು. ಸೀಲ್ ಒಡೆದು, ಪ್ರೋಗ್ರಾಂ ಬದಲಿಸಿ, ಹಾಗೇ ವಾಪಸ್ ಕೊಡುವಂತಿಲ್ಲ. ಕಲಿಯಲು ಕೈ ಹಾಕುವುದಾದರೆ ಕಾಲೇಜಿನ ಕಿಟ್ಟೋ, ಮೂಲೆಗೆ ಬಿದ್ದ ಟೈಮರ್ ಬೋರ್ಡೋ ಒಳ್ಳೆಯದು.

ಕಂಪನಿಯ ಹಳೆಯ ಟೂಲ್

ಮೂಲ ಸೋರ್ಸ್ ಕೋಡ್ ನಿಮ್ಮ ಕೈಯಲ್ಲಿ ಇದ್ದರೆ ಮಾತ್ರ ಇದಕ್ಕೆ ಅರ್ಥ. ಆ ಕಾಲದ ಅಸೆಂಬ್ಲರ್, ಕಂಪೈಲರ್‌ಗಳು ಡಾಸ್ ಅಥವಾ ಸಿಪಿ/ಎಂ ಎಂಬ ಹಳೆಯ ಆಪರೇಟಿಂಗ್ ಸಿಸ್ಟಂಗಳ ಮೇಲೆ ಓಡುತ್ತಿದ್ದವು. 64 ಬಿಟ್ ವಿಂಡೋಸ್‌ನಲ್ಲಿ 16 ಬಿಟ್ ಪ್ರೋಗ್ರಾಂ ಓಡುವುದಿಲ್ಲ. ಆದ್ದರಿಂದ ಡಾಸ್‌ಬಾಕ್ಸ್ ಬೇಕು, ಸಿಪಿ/ಎಂ ಆದರೆ ಅದರ ಎಮ್ಯುಲೇಟರ್ ಬೇಕು. ಓಡಿಸುವುದು ಕಷ್ಟವಲ್ಲ. ಹಳೆಯ ಟೂಲ್ ಪ್ಯಾರಲಲ್ ಪೋರ್ಟಿಗೆ ಚುಚ್ಚುವ ಡಾಂಗಲ್ (ಲೈಸೆನ್ಸ್ ಕೀಲಿ) ಕೇಳಿದರೆ ಮಾತ್ರ ತಲೆನೋವು.

ಇದರ ದೊಡ್ಡ ಲಾಭ ಏನೆಂದರೆ ಅದೇ ಸೋರ್ಸ್‌ನಿಂದ ಅದೇ ಬೈಟುಗಳು ಹೊರಬರುತ್ತವೆ. 8080, 8085 ಕಾಲದ ಕೈಗಾರಿಕಾ ಬೋರ್ಡುಗಳ ಕೋಡ್ ಕೆಲವೊಮ್ಮೆ ಪಿಎಲ್/ಎಂ ಭಾಷೆಯಲ್ಲಿ ಇರುತ್ತದೆ. 1973ರ ಹೊತ್ತಿಗೆ ಗ್ಯಾರಿ ಕಿಲ್ಡಾಲ್ ಇಂಟೆಲ್‌ಗಾಗಿ ಮಾಡಿದ ಭಾಷೆ ಅದು. ಅಂಥ ಸೋರ್ಸ್ ಸಿಕ್ಕಿದರೆ ಅದನ್ನು ಸಿ ಭಾಷೆಗೆ ತಿರುಗಿಸಲು ಹೋಗಬೇಡಿ. ಹಳೆಯ ಕಂಪೈಲರನ್ನೇ ಎಬ್ಬಿಸಿ. ಸೋರ್ಸ್ ಇಲ್ಲದಿದ್ದರೆ, ನಮ್ಮ ಕಡೆ ಬಹುಪಾಲು ಇರುವುದಿಲ್ಲ, ಈ ದಾರಿ ಬಿಟ್ಟುಬಿಡಿ.

ಸ್ವಂತ ಅಸೆಂಬ್ಲರ್

ನಾನು ಜಾಸ್ತಿ ಹೊತ್ತು ನಿಲ್ಲುವುದು ಇಲ್ಲಿ. ಅಸೆಂಬ್ಲರ್ ಎಂದರೆ ದೊಡ್ಡ ವಿದ್ಯೆ ಎಂದು ಹೆದರುವವರಿದ್ದಾರೆ. 8085ರ ಮಟ್ಟಿಗೆ ಅದು ಪೈಥಾನ್‌ನಲ್ಲಿ ಕೆಲವು ನೂರು ಸಾಲಿನ ಕೆಲಸ.

ಕೆಲಸ ಎರಡು ಸುತ್ತಿನಲ್ಲಿ ನಡೆಯುತ್ತದೆ. ಮೊದಲ ಸುತ್ತಿನಲ್ಲಿ ಸೋರ್ಸ್ ಓದುತ್ತಾ ಯಾವ ಲೇಬಲ್ (ಸಾಲಿಗೆ ಕೊಟ್ಟ ಹೆಸರು) ಯಾವ ವಿಳಾಸದಲ್ಲಿ ಬೀಳುತ್ತದೆ ಎಂದು ಬರೆದಿಟ್ಟುಕೊಳ್ಳುವುದು. ಎರಡನೇ ಸುತ್ತಿನಲ್ಲಿ ಬೈಟುಗಳನ್ನು ಹೊರಡಿಸುವುದು. 8085ರಲ್ಲಿ ಪ್ರತಿ ಇನ್‌ಸ್ಟ್ರಕ್ಷನ್ 1, 2 ಅಥವಾ 3 ಬೈಟ್. ಹೆಸರು ನೋಡಿದ ಕೂಡಲೇ ಉದ್ದ ಗೊತ್ತಾಗುತ್ತದೆ. ಹಾಗಾಗಿ ಮೊದಲ ಸುತ್ತಿನಲ್ಲಿ ಗೊಂದಲವೇ ಇಲ್ಲ.

ಕೋಡ್ ಟೇಬಲ್ ಕೂಡ ಪೂರ್ತಿ ಬಾಯಿಪಾಠ ಮಾಡಬೇಕಾಗಿಲ್ಲ. ಒಂದು ಜಾಗದ ಬೈಟನ್ನು ಇನ್ನೊಂದಕ್ಕೆ ನಕಲಿಸುವ ಮೂವ್ ಇನ್‌ಸ್ಟ್ರಕ್ಷನ್ ನೋಡಿ. ಮೊದಲ ಎರಡು ಬಿಟ್ 01, ಮುಂದಿನ ಮೂರು ಬಿಟ್ ಎಲ್ಲಿಗೆ, ಕೊನೆಯ ಮೂರು ಬಿಟ್ ಎಲ್ಲಿಂದ. ಎ, ಬಿ ಎಂದರೆ ರಿಜಿಸ್ಟರ್‌ಗಳು, ಚಿಪ್ ಒಳಗೇ ಇರುವ ಪುಟ್ಟ ಜಾಗಗಳು. ಬಿ ಇಂದ ಎಗೆ ಎಂದರೆ ಹೆಕ್ಸ್ (16ರ ಲೆಕ್ಕದ ಸಂಖ್ಯೆ) 78. ಒಂದೇ ಸೂತ್ರದಲ್ಲಿ 63 ಇನ್‌ಸ್ಟ್ರಕ್ಷನ್ ಬಂದುಬಿಟ್ಟವು. 64ನೆಯದು, ಅಂದರೆ ಮೆಮೊರಿಯಿಂದ ಮೆಮೊರಿಗೆ ಎಂದು ಆಗಬೇಕಿದ್ದ ಹೆಕ್ಸ್ 76, ಹಾಲ್ಟ್‌ಗೆ ಹೋಗಿದೆ. ಲ್ಯಾಬ್‌ನಲ್ಲಿ ಟೇಬಲ್ ನೋಡಿ ಕೀಪ್ಯಾಡ್ ಒತ್ತಿದವರಿಗೆ ಈ ಜೋಡಣೆ ಯಾರೂ ತೋರಿಸಿಕೊಟ್ಟಿರುವುದಿಲ್ಲ, ಅಲ್ವಾ? ಅಸೆಂಬ್ಲರ್ ಬರೆದರೆ ತಾನಾಗಿ ಕಾಣುತ್ತದೆ.

ಬೇರೆ ಚಿಪ್‌ಗಳು ಇಷ್ಟು ಸೌಮ್ಯ ಅಲ್ಲ. 6502ರಲ್ಲಿ ವಿಳಾಸ ಮೊದಲ 256 ಬೈಟಿನ ಒಳಗಿದ್ದರೆ ಇನ್‌ಸ್ಟ್ರಕ್ಷನ್ 2 ಬೈಟ್, ಹೊರಗಿದ್ದರೆ 3. ಲೇಬಲ್ ಇನ್ನೂ ಮುಂದೆ ಎಲ್ಲೋ ಇದ್ದರೆ ಮೊದಲ ಸುತ್ತಿನಲ್ಲಿ ಎಷ್ಟು ಬೈಟ್ ಎಂದು ಹೇಳುವುದು ಹೇಗೆ? 3 ಎಂದು ಹಿಡಿದು ಹೋಗುವುದು ಸುರಕ್ಷಿತ. 8051ರಲ್ಲಿ ಜಂಪ್ ಮೂರು ತರ: ಹತ್ತಿರಕ್ಕೆ 2 ಬೈಟಿನದು, ಅದೇ 2 ಕಿಲೋಬೈಟ್ ಬ್ಲಾಕಿನ ಒಳಗೆ ಹೋಗುವ 2 ಬೈಟಿನ ಇನ್ನೊಂದು, ಎಲ್ಲಿಗೆ ಬೇಕಾದರೂ ಹೋಗುವ 3 ಬೈಟಿನದು. ಯಾವುದು ಬೇಕು ಎಂದು ಪ್ರೋಗ್ರಾಂ ಬರೆಯುವವರೇ ಹೇಳಲಿ ಎಂದು ಬಿಟ್ಟರೆ ಅಸೆಂಬ್ಲರ್ ಸರಳ. ಅಸೆಂಬ್ಲರೇ ಆರಿಸಲಿ ಎಂದರೆ ಸುತ್ತು ಎರಡಕ್ಕೆ ಮುಗಿಯುವುದಿಲ್ಲ. ಝಡ್80ರಲ್ಲಿ ಮುಂದೆ ಸೇರುವ ಪ್ರಿಫಿಕ್ಸ್ ಬೈಟುಗಳ ಕಾಟ.

"ಯಾಕೆ ಬರೆಯಬೇಕು, ರೆಡಿ ಇಲ್ಲವಾ?" ಎಂದು ಕೇಳಬಹುದು. ಇದೆ. ಆಲ್ಫ್ರೆಡ್ ಆರ್ನಾಲ್ಡ್ ಅವರ ಮ್ಯಾಕ್ರೋ ಅಸೆಂಬ್ಲರ್ ಎಎಸ್ ಒಂದೇ ಪ್ರೋಗ್ರಾಂನಲ್ಲಿ 8085, 8051, ಝಡ್80, 6502, 6809 ಎಲ್ಲವನ್ನೂ ಮಾಡುತ್ತದೆ. ಯಾವ ಚಿಪ್ ಎಂದು ಸೋರ್ಸ್‌ನಲ್ಲಿ ಒಂದು ಸಾಲು ಬರೆದರೆ ಸಾಕು. ಅವಸರದ ರಿಪೇರಿ ಕೆಲಸಕ್ಕೆ ನಾನು ಇದನ್ನೇ ಹೇಳುತ್ತೇನೆ. ಪೂರ್ತಿ ಅಪರೂಪದ ಚಿಪ್ ಆದರೆ ಕಸ್ಟಮ್‌ಅಸಮ್ ನೋಡಿ. ಇನ್‌ಸ್ಟ್ರಕ್ಷನ್ ಹೇಗೆ ಬೈಟಾಗುತ್ತದೆ ಎಂಬ ನಿಯಮಗಳನ್ನು ನೀವೇ ಬರೆದು ಕೊಟ್ಟರೆ ಅದು ಅಸೆಂಬ್ಲರ್ ಆಗಿ ಕೆಲಸ ಮಾಡುತ್ತದೆ. ಆದರೆ ನೀವು ವಿದ್ಯಾರ್ಥಿಯಾದರೆ, 8085ಕ್ಕೆ ಸ್ವಂತದ್ದೊಂದು ಬರೆಯಿರಿ. ಪ್ರಾಜೆಕ್ಟ್ ಹೆಸರಲ್ಲಿ ದುಡ್ಡು ಕೊಟ್ಟು ಎಲ್ಲಿಂದಲೋ ತರುವ ರೆಡಿಮೇಡ್ ಬೋರ್ಡಿಗಿಂತ ಇದು ಎಷ್ಟೋ ಮೇಲು.

ಬರೆದ ಅಸೆಂಬ್ಲರ್ ಸರಿ ಇದೆಯೇ ಎಂದು ತಿಳಿಯುವುದು ಹೇಗೆ? ಓದಿಟ್ಟ ರೋಮ್ ಫೈಲನ್ನು ಡಿಸ್‌ಅಸೆಂಬಲ್ ಮಾಡಿ. ಬಂದ ಸೋರ್ಸನ್ನು ನಿಮ್ಮ ಅಸೆಂಬ್ಲರ್‌ಗೆ ಕೊಡಿ. ಹೊರಬಂದ ಫೈಲನ್ನು ಮೂಲ ರೋಮ್ ಜೊತೆ ಒಂದೊಂದು ಬೈಟ್ ಹೋಲಿಸಿ. ಒಂದು ಬೈಟೂ ವ್ಯತ್ಯಾಸ ಬರಬಾರದು. ಇದು ಆಗುವ ತನಕ ಪ್ರೋಗ್ರಾಂನ ಒಂದು ಅಕ್ಷರವನ್ನೂ ಬದಲಿಸಬೇಡಿ. ಆದ ಮೇಲೆ ನೀವು ಬದಲಿಸಿದ್ದು ಮಾತ್ರ ಬದಲಾಗಿದೆ ಎಂಬ ಖಾತ್ರಿ ಇರುತ್ತದೆ. ಯಾವ ಕಂಪೈಲರೂ ಈ ಖಾತ್ರಿ ಕೊಡುವುದಿಲ್ಲ. ಹಳೆಯ ಬೋರ್ಡಿನ ರಿಪೇರಿಗೆ ನಾನು ಅಸೆಂಬ್ಲರ್ ಕಡೆ ವಾಲುವುದು ಇದಕ್ಕೇ.

ಡಿಸ್‌ಅಸೆಂಬಲ್ ಮಾಡುವಾಗ ಯಾವುದು ಕೋಡ್, ಯಾವುದು ಡೇಟಾ ಎಂಬುದೇ ಕಷ್ಟ. ಸೆವೆನ್ ಸೆಗ್ಮೆಂಟ್ ಡಿಸ್‌ಪ್ಲೇಯ ಟೇಬಲ್ಲನ್ನು ಇನ್‌ಸ್ಟ್ರಕ್ಷನ್ ಎಂದು ಓದಿದರೆ ಅರ್ಥವಿಲ್ಲದ ಸಾಲುಗಳು ಬರುತ್ತವೆ. ರೀಸೆಟ್ ಆದಾಗ ಚಿಪ್ ಎಲ್ಲಿಂದ ಶುರು ಮಾಡುತ್ತದೋ ಅಲ್ಲಿಂದ ಜಂಪ್, ಕಾಲ್ ಹಿಡಿದು ಹೋಗಬೇಕು. 8085, ಝಡ್80, 8051 ಮೂರೂ 0000ದಿಂದ ಶುರು. ಅದರ ಜೊತೆ ಇಂಟರಪ್ಟ್ ವಿಳಾಸಗಳನ್ನೂ, ಅಂದರೆ ನಡುವೆ ಸಿಗ್ನಲ್ ಬಂದಾಗ ಚಿಪ್ ಹಾರುವ ಜಾಗಗಳನ್ನೂ, ಕೊಡಬೇಕು. 8085ರಲ್ಲಿ ಟ್ರ್ಯಾಪ್‌ಗೆ ಹೆಕ್ಸ್ 24, ಆರ್‌ಎಸ್‌ಟಿ 6.5ಕ್ಕೆ ಹೆಕ್ಸ್ 34. ಇವನ್ನು ಮರೆತರೆ ಇಂಟರಪ್ಟ್ ರೂಟೀನ್ ಪೂರ್ತಿ ಡೇಟಾ ಎಂದು ಕಾಣುತ್ತದೆ. ಟೇಬಲ್ ನೋಡಿ ಜಂಪ್ ಮಾಡುವ ಕಡೆ ಮಾತ್ರ ಕೈಯಿಂದಲೇ ಬಿಡಿಸಬೇಕು. 2019ರಲ್ಲಿ ಅಮೆರಿಕದ ಎನ್‌ಎಸ್‌ಎ ಉಚಿತವಾಗಿ ಬಿಟ್ಟ ಗಿಡ್ರಾ ಈ ಕೆಲಸಕ್ಕೆ ಚೆನ್ನಾಗಿದೆ. 8085, 8051, ಝಡ್80, 6502 ಎಲ್ಲಾ ಅದರಲ್ಲಿವೆ.

ರೆಡಿ ಸಿ ಕಂಪೈಲರ್

8051ಕ್ಕೆ ಹೊಸ ಪ್ರೋಗ್ರಾಂ ಎಂದರೆ ಜಾಸ್ತಿ ಯೋಚನೆ ಬೇಡ, ಎಸ್‌ಡಿಸಿಸಿ. ಸಂದೀಪ್ ದತ್ತ ಶುರು ಮಾಡಿದ ಉಚಿತ ಕಂಪೈಲರ್ ಇದು. ಕಾಲೇಜುಗಳಲ್ಲಿ ಕೈಲ್ ಎಂಬ ಬೇರೆ ಕಂಪೈಲರ್ ಕಲಿಸುತ್ತಾರೆ. ಒಳ್ಳೆಯ ಕಂಪೈಲರೇ, ಆದರೆ ಅದರ ಉಚಿತ ಆವೃತ್ತಿಯಲ್ಲಿ ಕೋಡ್ 2 ಕಿಲೋಬೈಟ್ ದಾಟುವಂತಿಲ್ಲ. ಎಲ್‌ಇಡಿ ಮಿನುಗಿಸಲು ಸಾಕು, ಒಂದು ಪೂರ್ತಿ ಕಂಟ್ರೋಲರ್‌ಗೆ ಸಾಲದು. ಎಸ್‌ಡಿಸಿಸಿ ಸೋರ್ಸ್ ಹಂಚಬೇಕೆನ್ನುವ ಜಿಪಿಎಲ್ ಲೈಸೆನ್ಸ್‌ನಲ್ಲಿದೆ, ಆದರೆ ಅದರ 8051 ಲೈಬ್ರರಿಗಳಿಗೆ ವಿನಾಯಿತಿ ಇರುವುದರಿಂದ ನಿಮ್ಮ ಪ್ರೋಗ್ರಾಂನ ಸೋರ್ಸ್ ಯಾರಿಗೂ ಕೊಡಬೇಕಾಗಿಲ್ಲ.

ಒಂದು ವಿಷಯ ಮಾತ್ರ ಗೊತ್ತಿರಲಿ. ಮೂಲ 8051ರಲ್ಲಿ ಒಳಗಿನ ರ‍್ಯಾಮ್ 128 ಬೈಟ್. ಅದರಲ್ಲಿ 32 ಬೈಟ್ ರಿಜಿಸ್ಟರ್ ಬ್ಯಾಂಕಿಗೆ, 16 ಬೈಟ್ ಒಂದೊಂದೇ ಬಿಟ್ ಬಳಸುವ ಜಾಗಕ್ಕೆ. ಎಲ್ಲಾ ಬ್ಯಾಂಕ್ ಬಳಸಿದರೆ ಉಳಿಯುವುದು 80 ಬೈಟ್. ಸ್ಟ್ಯಾಕೂ (ಫಂಕ್ಷನ್ ಕರೆಯುವಾಗ ತಾತ್ಕಾಲಿಕ ಬೈಟು ಪೇರಿಸುವ ಜಾಗ) ಅಲ್ಲೇ, ವೇರಿಯಬಲ್ಲೂ ಅಲ್ಲೇ. ಅದಕ್ಕೆ ಎಸ್‌ಡಿಸಿಸಿ ಫಂಕ್ಷನ್ನಿನ ಲೋಕಲ್ ವೇರಿಯಬಲ್‌ಗಳನ್ನು ಸ್ಟ್ಯಾಕಿನಲ್ಲಿ ಇಡದೆ ಸ್ಥಿರ ವಿಳಾಸದಲ್ಲಿ ಇಡುತ್ತದೆ. ಹಾಗಾಗಿ ಒಂದೇ ಫಂಕ್ಷನ್ನನ್ನು ಮೇನ್ ಪ್ರೋಗ್ರಾಂನಿಂದಲೂ ಇಂಟರಪ್ಟ್‌ನಿಂದಲೂ ಕರೆದರೆ ವೇರಿಯಬಲ್‌ಗಳು ಒಂದರ ಮೇಲೊಂದು ಬೀಳುತ್ತವೆ. ಅಂಥ ಫಂಕ್ಷನ್ನನ್ನು ರೀಎಂಟ್ರೆಂಟ್ ಎಂದು ಗುರುತು ಮಾಡಬೇಕು. ಪಿಸಿಯಲ್ಲಿ ಸಿ ಕಲಿತು ಬಂದವರಿಗೆ ಇದು ಹೊಳೆಯುವುದೇ ಇಲ್ಲ. ತಿಂಗಳಿಗೊಮ್ಮೆ ಮಾತ್ರ ಕಾಣಿಸಿಕೊಳ್ಳುವ ತೊಂದರೆ ಇದರಿಂದಲೇ ಹುಟ್ಟುತ್ತದೆ.

ಕಂಪೈಲರ್ ಯಾಕೆ ಹೀಗೆ ಮಾಡುತ್ತದೆ? 8085ರ ಲೆಕ್ಕ ನೋಡಿದರೆ ತಿಳಿಯುತ್ತದೆ. ಸ್ಟ್ಯಾಕಿನಲ್ಲಿರುವ ಒಂದು ಬೈಟ್ ಬೇಕೆಂದರೆ, ದೂರವನ್ನು ಎಚ್‌ಎಲ್ ಎಂಬ ಜೋಡಿ ರಿಜಿಸ್ಟರ್‌ಗೆ ತುಂಬಬೇಕು, ಅದಕ್ಕೆ ಸ್ಟ್ಯಾಕ್ ಪಾಯಿಂಟರ್ ಕೂಡಿಸಬೇಕು, ಆಮೇಲೆ ಮೆಮೊರಿಯಿಂದ ಎಗೆ ತರಬೇಕು. ಮೂರು ಇನ್‌ಸ್ಟ್ರಕ್ಷನ್, 5 ಬೈಟ್, 27 ಟಿ-ಸ್ಟೇಟ್ (ಚಿಪ್‌ನ ಗಡಿಯಾರದ ಮಿಡಿತ). 3 ಮೆಗಾಹರ್ಟ್ಸ್‌ನಲ್ಲಿ 9 ಮೈಕ್ರೋಸೆಕೆಂಡ್. ಅದೇ ಬೈಟ್ ಸ್ಥಿರ ವಿಳಾಸದಲ್ಲಿ ಇದ್ದರೆ ಒಂದೇ ಇನ್‌ಸ್ಟ್ರಕ್ಷನ್, 3 ಬೈಟ್, 13 ಟಿ-ಸ್ಟೇಟ್. ಅರ್ಧಕ್ಕೂ ಕಡಿಮೆ. ಸಿ ಭಾಷೆ ಬಯಸುವ ಯಂತ್ರ ಬೇರೆ, 1976ರಲ್ಲಿ ಬಂದ ಈ ಚಿಪ್ ಬೇರೆ. ಕಂಪೈಲರ್ ಹೋಲಿಸುವಾಗ ನಾನು ಮೊದಲು ನೋಡುವುದೇ ಇದನ್ನು: ಈ ಅಂತರವನ್ನು ಇದು ಹೇಗೆ ಮುಚ್ಚುತ್ತದೆ?

ಝಡ್80ಕ್ಕೆ ಎಸ್‌ಡಿಸಿಸಿಯೂ ಇದೆ, ಝಡ್88ಡಿಕೆಯೂ ಇದೆ. ಎರಡನೆಯದರಲ್ಲಿ ಲೈಬ್ರರಿ ಜಾಸ್ತಿ, ಬೋರ್ಡುಗಳ ಬೆಂಬಲ ಜಾಸ್ತಿ. ಎಸ್‌ಡಿಸಿಸಿಯನ್ನೇ ತಿದ್ದಿ ಒಳಗೆ ಸೇರಿಸಿಕೊಂಡಿದ್ದಾರೆ. ನಾನಾದರೆ ಝಡ್88ಡಿಕೆ ಎನ್ನುತ್ತೇನೆ. 8085ಕ್ಕೂ ಅದರಲ್ಲಿ ಜಾಗ ಇದೆ. ಇಂಟೆಲ್ ತನ್ನ ದಾಖಲೆಯಲ್ಲಿ ಹೇಳದೇ ಬಿಟ್ಟ 10 ಇನ್‌ಸ್ಟ್ರಕ್ಷನ್‌ಗಳು 8085ರಲ್ಲಿ ಇವೆ. ಅವುಗಳಲ್ಲಿ ಕೆಲವು ಸ್ಟ್ಯಾಕ್ ಲೆಕ್ಕಕ್ಕೆ ಅನುಕೂಲ. ಝಡ್88ಡಿಕೆ ಅವುಗಳ ಲಾಭ ಪಡೆಯುತ್ತದೆ.

ಇಲ್ಲಿ ಒಂದು ಗುಂಡಿ ಇದೆ, ಬೀಳಬೇಡಿ. "ಝಡ್80 ಮತ್ತು 8085 ಎರಡೂ 8080ರ ಮಕ್ಕಳು, ಝಡ್80 ಕಂಪೈಲರ್ ಕೋಡ್ 8085ರಲ್ಲೂ ಓಡುತ್ತದೆ" ಎಂದು ಹೇಳುವವರಿದ್ದಾರೆ. ಓಡುವುದಿಲ್ಲ. ಹೆಕ್ಸ್ 20 ತೆಗೆದುಕೊಳ್ಳಿ. ಝಡ್80ರಲ್ಲಿ ಅದು "ಸೊನ್ನೆ ಅಲ್ಲದಿದ್ದರೆ ಹತ್ತಿರಕ್ಕೆ ಜಂಪ್", ಎರಡು ಬೈಟಿನದು. 8085ರಲ್ಲಿ ಅದೇ 20 ಎಂದರೆ ರಿಮ್, ಇಂಟರಪ್ಟ್ ಮಾಸ್ಕ್ ಓದುವ ಒಂದು ಬೈಟಿನ ಇನ್‌ಸ್ಟ್ರಕ್ಷನ್. ಜಂಪ್ ಆಗುವುದಿಲ್ಲ. ಮುಂದಿನ ಬೈಟ್, ಅಂದರೆ ಎಷ್ಟು ದೂರ ಎಂಬ ಸಂಖ್ಯೆ, ತಾನೇ ಒಂದು ಇನ್‌ಸ್ಟ್ರಕ್ಷನ್ ಎಂದು ಓಡುತ್ತದೆ. ಆಮೇಲೆ ಏನಾಗುತ್ತದೆ ಎಂದು ದೇವರೇ ಹೇಳಬೇಕು.

6502ಕ್ಕೆ ಎರಡು ಆಯ್ಕೆ. ಸಿಸಿ65 ಹಳೆಯದು, ನಂಬಿಕೆಯದು, ದಾಖಲೆ ಚೆನ್ನಾಗಿದೆ, ಅದರ ಜೊತೆ ಬರುವ ಅಸೆಂಬ್ಲರ್ ಮತ್ತು ಲಿಂಕರ್ ಬಹಳ ಒಳ್ಳೆಯವು. ದಶಾಂಶದ ಲೆಕ್ಕ, ಅಂದರೆ ಫ್ಲೋಟ್, ಅದರಲ್ಲಿ ಇಲ್ಲ. ಎಲ್‌ಎಲ್‌ವಿಎಂ-ಮೋಸ್ ಹೊಸದು. 6502ರಲ್ಲಿ ಇರುವುದು ಎ, ಎಕ್ಸ್, ವೈ ಮೂರೇ ರಿಜಿಸ್ಟರ್. ಹಾರ್ಡ್‌ವೇರ್ ಸ್ಟ್ಯಾಕ್ 256 ಬೈಟ್. ಎಲ್‌ಎಲ್‌ವಿಎಂ-ಮೋಸ್ ಮಾಡಿದವರು ಮೆಮೊರಿಯ ಮೊದಲ ಪುಟದ ಬೈಟುಗಳನ್ನೇ ರಿಜಿಸ್ಟರ್ ಎಂದು ಕಂಪೈಲರ್‌ಗೆ ನಂಬಿಸಿದ್ದಾರೆ. ಇಡೀ ಪ್ರೋಗ್ರಾಂ ನೋಡಿ, ತನ್ನನ್ನು ತಾನೇ ಕರೆಯದ ಫಂಕ್ಷನ್ನುಗಳ ವೇರಿಯಬಲ್‌ಗೆ ಸ್ಥಿರ ವಿಳಾಸ ಕೊಡುತ್ತಾರೆ. ಕೋಡ್ ಚುರುಕಾಗಿ ಬರುತ್ತದೆ. 1984ರಲ್ಲಿ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ಸರ್ಕಾರದ ಕ್ಲಾಸ್ ಯೋಜನೆಯಲ್ಲಿ ಬಂದ ಬಿಬಿಸಿ ಮೈಕ್ರೋ ಕಂಪ್ಯೂಟರ್ ನಿಮ್ಮ ಊರಿನ ಶಾಲೆಯ ಅಟ್ಟದಲ್ಲಿ ಸಿಕ್ಕಿದರೆ ಎರಡನ್ನೂ ಪ್ರಯತ್ನಿಸಿ ನೋಡಿ. ಅದರೊಳಗೆ ಇರುವುದೂ 6502.

ಜಿಸಿಸಿ, ಎಲ್‌ಎಲ್‌ವಿಎಂಗೆ ಬ್ಯಾಕೆಂಡ್

2 ಕಿಲೋಬೈಟಿನ ರೋಮ್ ತಿದ್ದಲು ಇದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ. ಆದರೂ ಬಹಳ ಜನರಿಗೆ ಇದರ ಮೇಲೇ ಆಸೆ.

ಜಿಸಿಸಿ, ಎಲ್‌ಎಲ್‌ವಿಎಂ ಎರಡೂ ಒಂದು ಊಹೆಯ ಮೇಲೆ ನಿಂತಿವೆ. ಚಿಪ್‌ನಲ್ಲಿ ಒಂದೇ ತರದ ರಿಜಿಸ್ಟರ್‌ಗಳು ಸಾಕಷ್ಟು ಇರುತ್ತವೆ ಎಂಬುದು ಆ ಊಹೆ. 1979ರ ಮೋಟೊರೋಲಾ 68000ದಲ್ಲಿ 32 ಬಿಟ್ಟಿನ 8 ಡೇಟಾ, 8 ಅಡ್ರೆಸ್ ರಿಜಿಸ್ಟರ್ ಇವೆ. ಅದಕ್ಕೆ ಜಿಸಿಸಿ ಸಲೀಸು, ಇವತ್ತಿಗೂ ಕೆಲಸ ಮಾಡುತ್ತದೆ. 68000 ಬೋರ್ಡ್ ಬಂದರೆ ಬೇರೆ ಏನೂ ಹುಡುಕಬೇಡಿ. 8085ರಲ್ಲಿ ಹಾಗಲ್ಲ. ಕೂಡಿ ಕಳೆಯುವುದೆಲ್ಲ ಎಯಲ್ಲೇ, 16 ಬಿಟ್ ಕೂಡಿಸುವುದು ಎಚ್‌ಎಲ್‌ನಲ್ಲೇ, ಬಿಸಿ ಮತ್ತು ಡಿಇ ಮೂಲಕ ಮೆಮೊರಿ ಓದಿದರೆ ಅದು ಎಗೇ ಬರಬೇಕು. ಪ್ರತಿ ರಿಜಿಸ್ಟರ್‌ಗೂ ಒಂದೊಂದು ಸ್ವಭಾವ. ದೊಡ್ಡ ಕಂಪೈಲರ್ ಇಂಥ ಚಿಪ್ ಮೇಲೆ ದಿನವಿಡೀ ಸಾಮಾನು ಆಚೆ ಈಚೆ ಸಾಗಿಸುತ್ತಲೇ ಇರುತ್ತದೆ.

ಬರೆದು ಮುಗಿಸಿದರೂ ಮುಗಿಯುವುದಿಲ್ಲ, ಸಾಕಬೇಕು. ಮೋಟೊರೋಲಾದ 68ಎಚ್‌ಸಿ11 ಚಿಪ್‌ಗೆ ಜಿಸಿಸಿಯಲ್ಲಿ ಬೆಂಬಲ ಇತ್ತು. ನೋಡಿಕೊಳ್ಳುವವರು ಇಲ್ಲದೆ 2012ರ 4.7 ಆವೃತ್ತಿಯಲ್ಲಿ ತೆಗೆದುಹಾಕಿದರು. ಜಿಸಿಸಿ ಒಳಗಿನ ಕಂಡೀಷನ್ ಕೋಡ್ ವ್ಯವಸ್ಥೆ ಬದಲಿಸಲು ಹೊರಟಾಗ 68000ದ ಬ್ಯಾಕೆಂಡ್ ಕೂಡ ಬಿದ್ದುಹೋಗುವ ಹಂತಕ್ಕೆ ಬಂದಿತ್ತು. ಅಭಿಮಾನಿಗಳು ಹಣ ಒಟ್ಟು ಮಾಡಿ ಉಳಿಸಿಕೊಂಡರು. ಲಿನಕ್ಸ್ ಕರ್ನಲ್ಲೇ 2013ರ 3.8 ಆವೃತ್ತಿಯಲ್ಲಿ ಇಂಟೆಲ್ 386 ಕೈಬಿಟ್ಟಿತು. ಎಲ್‌ಎಲ್‌ವಿಎಂ-ಮೋಸ್ ಇಷ್ಟು ಚೆನ್ನಾಗಿದ್ದರೂ ಮೂಲ ಎಲ್‌ಎಲ್‌ವಿಎಂ ಒಳಗೆ ಇಲ್ಲ, ಪ್ರತ್ಯೇಕವಾಗಿ ಬೆಳೆಯುತ್ತಿದೆ. ಒಬ್ಬರೇ ಕೂತು ಮಾಡುವ ಬ್ಯಾಕೆಂಡ್‌ಗೆ ನೀವೇ ಜೀವಮಾನದ ಕಾವಲುಗಾರ.

ಇಷ್ಟಾದರೂ ಮಾಡುತ್ತೇನೆ ಎನ್ನುವವರಿಗೆ ನಮ್ಮ ಕಡೆಯ ಒಂದು ಕಿವಿಮಾತು. ಎಲ್‌ಎಲ್‌ವಿಎಂ ಬಿಲ್ಡ್ ಎಂದರೆ ಸಾವಿರಾರು ಫೈಲು. ಜೂನ್-ಜುಲೈನಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೋ ಹೇಳಲಾಗದು. ಲ್ಯಾಪ್‌ಟಾಪ್ ಬ್ಯಾಟರಿ ನಂಬಿ ಕೂರಬೇಡಿ. ಡಿಬಗ್ ಬಿಲ್ಡ್ ಬಿಟ್ಟು ರಿಲೀಸ್ ಬಿಲ್ಡ್ ಮಾಡಿ. ಎಲ್ಲಾ ಟಾರ್ಗೆಟ್ ಬೇಡ, ನಿಮ್ಮದೊಂದೇ ಆರಿಸಿ. ಲಿಂಕ್ ಮಾಡುವಾಗ ಒಂದೇ ಜಾಬ್ ಇಡಿ, ಇಲ್ಲದಿದ್ದರೆ 8 ಜಿಬಿ ಲ್ಯಾಪ್‌ಟಾಪ್ ಉಸಿರುಗಟ್ಟುತ್ತದೆ. ಸೋರ್ಸ್ ಡೌನ್‌ಲೋಡ್ ಮಾಡುವಾಗ ಪೂರ್ತಿ ಇತಿಹಾಸ ತರಬೇಡಿ, ಕೊನೆಯ ಪ್ರತಿ ಮಾತ್ರ ತನ್ನಿ. ಇದೆಲ್ಲ ರೇಜಿಗೆ ಎನಿಸಿದರೆ ವಿಬಿಸಿಸಿ ಕಂಪೈಲರ್ ನೋಡಿ. ಚಿಕ್ಕದು, ಹೊಸ ಚಿಪ್‌ಗೆ ಹೊಂದಿಸಲೆಂದೇ ಮಾಡಿದ್ದು. ವ್ಯಾಪಾರಕ್ಕೆ ಬಳಸುವುದಾದರೆ ಮಾತ್ರ ಅನುಮತಿ ಕೇಳಬೇಕು.

ಫೋರ್ಥ್

ಇದರ ಮೇಲೆ ನನಗೆ ಸ್ವಲ್ಪ ಪ್ರೀತಿ ಇದೆ. ಚಾರ್ಲ್ಸ್ ಮೂರ್ ಕಟ್ಟಿದ ಈ ಭಾಷೆಯ ಕರ್ನಲ್ ಕೆಲವೇ ಕಿಲೋಬೈಟ್‌ನಲ್ಲಿ ಕೂರುತ್ತದೆ. 1970ರ ದಶಕದ ಕೊನೆಯಲ್ಲಿ ಹೊರಬಂದ ಫಿಗ್-ಫೋರ್ಥ್ 8080, 6502, 6809 ಇಂಥ ಹಲವು ಚಿಪ್‌ಗಳಿಗೆ ಉಚಿತವಾಗಿ ಸಿಗುತ್ತದೆ. ಬೋರ್ಡಿಗೆ ಸೀರಿಯಲ್ ಕೇಬಲ್ ಕಟ್ಟಿ, ನೇರ ಟೈಪ್ ಮಾಡಿ, ರಿಲೇ ಆನ್ ಮಾಡಿ ನೋಡಬಹುದು. ಕಂಪೈಲ್ ಮಾಡು, ಚಿಪ್ ಸುಡು, ಹಾಕು, ನೋಡು ಎಂಬ ಸುತ್ತು ಇಲ್ಲ. ಗೊತ್ತಿಲ್ಲದ ಬೋರ್ಡಿನ ಹಾರ್ಡ್‌ವೇರ್ ತಡಕಾಡಲು ಇದಕ್ಕಿಂತ ಒಳ್ಳೆಯದು ಕಾಣೆ.

ಆದರೆ ಗಿರಾಕಿಗೆ ಫೋರ್ಥ್‌ನಲ್ಲಿ ಬರೆದು ಕೊಡಬೇಡಿ. ನಾಳೆ ನೀವು ಬೆಂಗಳೂರಿಗೆ ಹೋದರೆ ಅದನ್ನು ಓದುವವರು ಜಿಲ್ಲೆಯಲ್ಲಿ ಸಿಗುವುದು ಕಷ್ಟ. ಅಸೆಂಬ್ಲಿ ಆದರೆ ಯಾವುದಾದರೂ ಕಾಲೇಜಿನ ಮೇಷ್ಟ್ರಾದರೂ ಓದುತ್ತಾರೆ.

ಸಿಮ್ಯುಲೇಟರ್, ಯಾವ ದಾರಿ ಹಿಡಿದರೂ

ಇದನ್ನು ಬಿಡುವಂತಿಲ್ಲ. 8085ಕ್ಕೆ ಜಿಎನ್‌ಯುಸಿಮ್8085 ಇದೆ, ಅಸೆಂಬ್ಲರ್ ಒಳಗೇ ಇದೆ, ಕಲಿಯಲು ಸಾಕು. ಎಸ್‌ಡಿಸಿಸಿ ಜೊತೆ ಯುಸಿಸಿಮ್ ಬರುತ್ತದೆ, 8051, ಝಡ್80ಕ್ಕೆ ಆಗುತ್ತದೆ.

ಸಿಮ್ಯುಲೇಟರ್ ಆರಿಸುವಾಗ ಟಿ-ಸ್ಟೇಟ್ ಸರಿಯಾಗಿ ಎಣಿಸುತ್ತದೆಯೇ ನೋಡಿ. ಹಳೆಯ ಪ್ರೋಗ್ರಾಂಗಳಲ್ಲಿ ಕಾಯುವ ಕೆಲಸವೆಲ್ಲ ಲೂಪ್ ಸುತ್ತುವುದರಿಂದಲೇ. 8085ರಲ್ಲಿ ಸಿ ರಿಜಿಸ್ಟರ್ ಒಂದು ಕಡಿಮೆ ಮಾಡಿ ಸೊನ್ನೆ ಆಗುವ ತನಕ ಜಂಪ್ ಮಾಡುವ ಲೂಪ್ ಒಂದು ಸುತ್ತಿಗೆ 14 ಟಿ-ಸ್ಟೇಟ್, ಕೊನೆಯ ಸುತ್ತಿಗೆ 11. 256 ಸುತ್ತಿಗೆ 3581, ಅಂದರೆ 3 ಮೆಗಾಹರ್ಟ್ಸ್‌ನಲ್ಲಿ ಸುಮಾರು 1.19 ಮಿಲಿಸೆಕೆಂಡ್. ಅದೇ ಬೈಟುಗಳು ಝಡ್80ರಲ್ಲಿ ಕೊನೆಯ ಸುತ್ತಿಗೂ 14 ತೆಗೆದುಕೊಳ್ಳುತ್ತವೆ. ವ್ಯತ್ಯಾಸ ಚಿಕ್ಕದು. ಆದರೆ ಇಂಥ ಲೂಪ್ ಇರುವ ಪ್ರೋಗ್ರಾಂ ಅನ್ನು ಸಿಯಲ್ಲಿ ಮತ್ತೆ ಬರೆದರೆ ಕಂಪೈಲರ್ ಆ ಲೂಪನ್ನು ಬೇರೆ ತರ ಮಾಡುತ್ತದೆ, ಕೆಲವೊಮ್ಮೆ ಕೆಲಸಕ್ಕೆ ಬಾರದ್ದು ಎಂದು ತೆಗೆದೇ ಹಾಕುತ್ತದೆ. ಕಂಪ್ರೆಸರ್ ರಿಲೇ ಟಕಟಕ ಬಡಿದುಕೊಂಡರೆ ಮೊದಲು ನೋಡಬೇಕಾದದ್ದು ಇದನ್ನೇ. ಕಾಯುವ ಲೂಪುಗಳನ್ನು ಅಸೆಂಬ್ಲಿಯಲ್ಲೇ ಬಿಡಿ.

ಬೋರ್ಡನ್ನೇ ಬದಲಿಸಿದರೆ?

ಕೆಲವೊಮ್ಮೆ ಅದೇ ಸರಿ. ಬಿಡಿ ಝಡ್80 ಚಿಪ್‌ಗೆ ಕೊನೆಯ ಆರ್ಡರ್ ತೆಗೆದುಕೊಳ್ಳುವುದನ್ನು ಝಿಲಾಗ್ 2024ರ ಜೂನ್ 14ಕ್ಕೆ ನಿಲ್ಲಿಸಿತು. 8051 ಜಾತಿಯ ಚಿಪ್ ಇನ್ನೂ ಹೊಸದಾಗಿ ಬರುತ್ತಿವೆ, ಅಲ್ಲಿ ಅವಸರ ಇಲ್ಲ. ಪ್ರೋಗ್ರಾಂ ಚಿಕ್ಕದು, ವೈರಿಂಗ್ ಸರಳ, ಬೋರ್ಡ್ ಕಿಲುಬು ಹಿಡಿದು ಹಾಳಾಗಿದೆ ಎಂದಾದರೆ ಹೊಸ ಮೈಕ್ರೋಕಂಟ್ರೋಲರ್ ಹಾಕಿ. ಹಳೆಯ ಬಸ್ 5 ವೋಲ್ಟಿನದು, ಹೊಸ ಚಿಪ್‌ಗಳು ಬಹುಪಾಲು 3.3 ವೋಲ್ಟಿನವು, ನೇರ ಕಟ್ಟಬೇಡಿ. ಇಪ್ರೋಮ್ ಮಾತ್ರ ಬದಲಿಸಿದರೆ ಸಾಕು ಎಂದಾದರೆ 2764ರ ಜಾಗಕ್ಕೆ 28ಸಿ64 ಹೆಚ್ಚುಕಡಿಮೆ ಹೊಂದುತ್ತದೆ, 5 ವೋಲ್ಟ್‌ನಲ್ಲೇ ಬರೆಯಬಹುದು. ಹಳೆಯ 2716ಕ್ಕೆ ಬರೆಯಲು 25 ವೋಲ್ಟ್ ಬೇಕು, ಎಲ್ಲಾ ಪ್ರೋಗ್ರಾಮರ್ ಅಷ್ಟು ಕೊಡುವುದಿಲ್ಲ.

ಗಿರಾಕಿಗೆ ಕೊಡುವಾಗ

ಹೆಕ್ಸ್ ಫೈಲು ಕೊಟ್ಟು ಕೈ ತೊಳೆದುಕೊಳ್ಳುವುದು ಇಲ್ಲಿಯ ರೂಢಿ. ಸೋರ್ಸೂ ಕೊಡಿ, ಬಳಸಿದ ಟೂಲೂ ಕೊಡಿ, ಅದೇ ಆವೃತ್ತಿ. 2022ರ ಎಸ್‌ಡಿಸಿಸಿ 4.2ರಲ್ಲಿ ಝಡ್80ಕ್ಕೆ ಫಂಕ್ಷನ್ ಕರೆಯುವ ಪದ್ಧತಿಯೇ ಬದಲಾಯಿತು. ಮೊದಲು ಸ್ಟ್ಯಾಕಿನಲ್ಲಿ ಬರುತ್ತಿದ್ದ ಆರ್ಗ್ಯುಮೆಂಟ್ ಈಗ ರಿಜಿಸ್ಟರ್‌ನಲ್ಲಿ ಬರುತ್ತದೆ. ಹಳೆಯ ಪದ್ಧತಿ ನಂಬಿ ಕೈಯಿಂದ ಬರೆದ ಅಸೆಂಬ್ಲಿ ರೂಟೀನ್ ಹೊಸ ಆವೃತ್ತಿಯಲ್ಲಿ ತಪ್ಪು ಜಾಗ ಓದುತ್ತದೆ. ಎರರ್ ಬರುವುದಿಲ್ಲ, ತಪ್ಪು ಉತ್ತರ ಬರುತ್ತದೆ. ಆದ್ದರಿಂದ ಒಂದು ಪೆನ್‌ಡ್ರೈವ್‌ನಲ್ಲಿ ಮೂಲ ರೋಮ್ ಫೈಲು, ನಿಮ್ಮ ಸೋರ್ಸ್, ಕಂಪೈಲರ್‌ನ ಇನ್‌ಸ್ಟಾಲರ್, ಬಿಲ್ಡ್ ಮಾಡುವ ಸಾಲುಗಳು ಬರೆದ ಒಂದು ಪುಟ್ಟ ಟೆಕ್ಸ್ಟ್ ಫೈಲು ಹಾಕಿ. ಅದರ ಇನ್ನೊಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಗಿರಾಕಿಯದು ಮಳೆಗಾಲದಲ್ಲಿ ಹಾಳಾಗುವ ಸಾಧ್ಯತೆಯೇ ಜಾಸ್ತಿ.